ಜಾಗಕ್ಕೆ ಇಷ್ಟು ಬೆಲೆ ಬಂದರೂ ಕೊಡಗಿನ ಬೆಳೆಗಾರರು ಕಷ್ಟ ಅನ್ನುವುದೇಕೆ?

ಬೆಲೆ ಏರಿದರೆ ಲಾಭ ಜಾಗ ಮಾರಿ ಹೋಗುವವರಿಗೆ. ತೋಟ ಮಾಡಿಕೊಂಡು ಇಲ್ಲೇ ಇರುವ ನನ್ನಂಥವರ ಕೈಗೆ ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ.

ಸುಮ್ನೆ ಒಂದು ಲೆಕ್ಕ ಹಾಕಿ. ರೊಬಸ್ಟಾ ಕಾಫಿಯ ತೋಟ ಎಕರೆಗೆ 20 ಲಕ್ಷ ಅಂತ ಇಟ್ಟುಕೊಳ್ಳಿ. ಸಾಲ ಮಾಡಿ ಕೊಂಡರೆ ಶೇ 9ರಂತೆ ವರ್ಷಕ್ಕೆ ಬಡ್ಡಿಯೇ 1.8 ಲಕ್ಷ. ಗೊಬ್ಬರ, ನೀರು, ಕೊಯ್ಲಿನ ಕೂಲಿ ಕಳೆದು 1 ಲಕ್ಷ ಉಳಿಯಿತು ಅನ್ನೋಣ. ಉಳಿದ 80 ಸಾವಿರ ಎಲ್ಲಿಂದ ತರುವುದು? ಹೊರಗಿನಿಂದ ಬಂದು ಕೊಳ್ಳುವವರಿಗೆ ಈ ಲೆಕ್ಕವೇ ಬೇಡ. ಅವರು ದುಡ್ಡು ಕೊಡುವುದು ಮಂಜಿಗೆ, ಬೆಟ್ಟದ ನೋಟಕ್ಕೆ, ಮುಂದೆ ಕಟ್ಟುವ ಹೋಂಸ್ಟೇಗೆ. ಹಾಗಾಗಿ ಪಕ್ಕದ ಎರಡು ಎಕರೆ ಮಾರಾಟಕ್ಕೆ ಬಂದರೂ ಬೆಳೆಗಾರನಿಗೆ ಎಟುಕುವುದಿಲ್ಲ. 2024ರಲ್ಲಿ ರೊಬಸ್ಟಾಗೆ ದಾಖಲೆ ಬೆಲೆ ಬಂತು, ನಿಜ. ಆದರೆ ಕಾಫಿ ಏರಿದಾಗ ಜಾಗದ ಬೆಲೆಯೂ ಏರುತ್ತದೆ, ಕಾಫಿ ಬಿದ್ದಾಗ ಜಾಗದವರು ಬೆಲೆ ಇಳಿಸುವುದಿಲ್ಲ. ಮಾರದೆ ಕಾಯುತ್ತಾರೆ.

ಎಲ್ಲದಕ್ಕೂ 2020ರ ಭೂಸುಧಾರಣೆ ತಿದ್ದುಪಡಿಯೇ ಕಾರಣ ಅನ್ನುವವರಿದ್ದಾರೆ. ಪೂರ್ತಿ ಒಪ್ಪಲಾರೆ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳದಂತೆ ತಡೆಯುತ್ತಿದ್ದ 79ಎ, 79ಬಿ ಕಲಂಗಳು ಆಗ ಹೋದವು. ಆದರೆ ಅದೇ ಕಾಯ್ದೆಯ 104ನೇ ಕಲಂ ಪ್ಲಾಂಟೇಶನ್‌ಗೆ ಮೊದಲೇ ವಿನಾಯಿತಿ ಕೊಟ್ಟಿತ್ತು. ಕಾಫಿ ತೋಟದ ಬಾಗಿಲು ತೆರೆದೇ ಇತ್ತು, 2020ರಲ್ಲಿ ತೆರೆದದ್ದು ಗದ್ದೆಯ ಬಾಗಿಲು. ನನಗೆ ಭಯ ಇರುವುದೂ ಗದ್ದೆಯದೇ. ಭತ್ತದಲ್ಲಿ ಖರ್ಚು ಹುಟ್ಟುವುದಿಲ್ಲ ಅಂತ ಎಷ್ಟೋ ಕಡೆ ಪಾಳು ಬಿಟ್ಟಿದ್ದಾರೆ. ಮಳೆನೀರು ನಿಂತು ಇಂಗುತ್ತಿದ್ದ ಜಾಗ ಅದು. ಮಣ್ಣು ತುಂಬಿ ಸೈಟು ಮಾಡಿದರೆ ಬಾವಿಗಳ ಗತಿ?

ತೋಟದ ಮಾಲೀಕರು ಕೂಲಿಯವರಿಗೆ ಕಟ್ಟಿಸಿದ ಲೈನ್ ಮನೆಯಲ್ಲಿ ಹುಟ್ಟಿ ಅಲ್ಲೇ ಮುದುಕರಾದ ಯರವ ಬುಡಕಟ್ಟಿನ ಕೂಲಿಯವರನ್ನು ಈ ಚರ್ಚೆಯಲ್ಲಿ ಯಾರೂ ನೆನೆಯುವುದಿಲ್ಲ. ದಿನಗೂಲಿಯಲ್ಲಿ ಐದು ಸೆಂಟು ಕೊಳ್ಳುವುದು ಅವರಿಗೆ ಆಗದ ಮಾತು.

ಇನ್ನು ಜಮ್ಮಾ ಜಾಗದ, ಅಂದರೆ ಕೊಡಗಿನಲ್ಲಿ ತಲೆಮಾರುಗಳಿಂದ ಕುಟುಂಬದ ಹೆಸರಲ್ಲಿ ಬಂದ ಹಿಡುವಳಿಯ, ಕಥೆಯೇ ಬೇರೆ. ಆರ್‌ಟಿಸಿಯಲ್ಲಿ (ಪಹಣಿ) ತೀರಿಕೊಂಡ ಪಟ್ಟೇದಾರರ, ಅಂದರೆ ಕುಟುಂಬದ ಪರವಾಗಿ ಜಾಗ ನೋಡಿಕೊಳ್ಳುತ್ತಿದ್ದ ಹಿರಿಯರ ಹೆಸರು, ಜೊತೆಗೆ ಒಕ್ಕದ (ಒಂದೇ ಮನೆತನದ) ಹತ್ತಾರು ಜನರ ಹೆಸರು ಇರುತ್ತದೆ. ಒಬ್ಬರು ಮುಂಬೈಯಲ್ಲಿ, ಇನ್ನೊಬ್ಬರು ವಿದೇಶದಲ್ಲಿ. ಎಲ್ಲರ ಸಹಿ ಸಿಗದೆ ಬ್ಯಾಂಕಿನಲ್ಲಿ ಸಾಲವೂ ಕಷ್ಟ. ನೀವು ಕೊಳ್ಳುವ ಯೋಚನೆಯಲ್ಲಿ ಕೇಳಿದ್ದರೆ, ಬೆಲೆ ಮಾತಾಡುವ ಮೊದಲು ಆರ್‌ಟಿಸಿಯಲ್ಲಿ ಮಾಲೀಕರ ಹೆಸರಿರುವ 9ನೇ ಕಾಲಂನಲ್ಲಿ ಎಷ್ಟು ಹೆಸರಿದೆ ನೋಡಿ. ಬ್ರೋಕರ್ ಅದನ್ನು ತಾನಾಗಿ ಹೇಳುವುದು ಕಮ್ಮಿ.