ಹಾಸನದಲ್ಲಿ ಇಬ್ಬರೇ ಇರುವ ಅಪ್ಪ ಅಮ್ಮನಿಗೆ ಸಾಂಕ್ರಾಮಿಕದ ದಿನಗಳಲ್ಲಿ ದಿನಸಿ ತಲುಪುವುದು ಹೇಗೆ?

ನಿಮ್ಮ ತಂದೆಗೆ 78 ವರ್ಷ, ತಾಯಿಗೆ ಮಂಡಿನೋವು ಮತ್ತು ಸಕ್ಕರೆ ಕಾಯಿಲೆ, ಇಬ್ಬರೇ ಹಾಸನದಲ್ಲಿದ್ದಾರೆ, ನೀವು ಪುಣೆಯಲ್ಲಿದ್ದೀರಿ. 2020ರಂತಹ ಕಾಲ ಮತ್ತೆ ಬಂದರೆ ಅವರಿಗೆ ಅಕ್ಕಿ, ಬೇಳೆ, ತರಕಾರಿ ತಲುಪುವ ದಾರಿ ಯಾವುದು, ಯಾವ ಆ್ಯಪ್ ನಂಬಬಹುದು ಎಂದು ಕೇಳಿದ್ದೀರಿ. ನಾನು ಇದೇ ಊರಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ದಿನಸಿ ಅಂಗಡಿ ನಡೆಸುತ್ತಿದ್ದೇನೆ. ಕೊರೊನಾದ ಮೊದಲ ಎರಡು ಅಲೆಗಳಲ್ಲಿಯೂ ಅಂಗಡಿಯ ಬಾಗಿಲು ತೆರೆದಿಟ್ಟಿದ್ದೆ. ಆಗ ಕಂಡು ಕಲಿತದ್ದನ್ನು, ನನ್ನಿಂದಾದ ಒಂದು ತಪ್ಪನ್ನೂ ಸೇರಿಸಿ, ಇಲ್ಲಿ ಬರೆಯುತ್ತೇನೆ.

ಆ್ಯಪ್‌ನ ವಿಷಯವನ್ನು ಮೊದಲು ಮುಗಿಸುತ್ತೇನೆ. ಎಲ್ಲವೂ ಸರಿಯಿರುವ ದಿನಗಳಲ್ಲಿ ಅದು ಒಳ್ಳೆಯ ಅನುಕೂಲ. ಆದರೆ 2020ರ ಮಾರ್ಚ್ ಕೊನೆಯ ವಾರದಲ್ಲಿ ದೊಡ್ಡ ನಗರಗಳಲ್ಲಿಯೇ ಗೋದಾಮಿಗೆ ಕೆಲಸಗಾರರು ಬರಲಾಗದೆ, ಸಾಮಾನು ತಲುಪಿಸುವ ಹುಡುಗರನ್ನು ದಾರಿಯಲ್ಲಿ ತಡೆದು ವಾಪಸು ಕಳುಹಿಸಿದ್ದರಿಂದ, ಹಲವು ಆನ್‌ಲೈನ್ ಸಂಸ್ಥೆಗಳು ಹೊಸ ಆರ್ಡರ್ ತೆಗೆದುಕೊಳ್ಳುವುದನ್ನೇ ಕೆಲವು ದಿನ ನಿಲ್ಲಿಸಿದ್ದವು. ಆದ್ದರಿಂದ ನಿಮ್ಮ ತಂದೆತಾಯಿಯನ್ನು ಮುಖ ನೋಡಿ ಬಲ್ಲ, ಮನೆಯಿಂದ ನಡೆದು ಹೋಗಬಹುದಾದಷ್ಟು ಹತ್ತಿರದ ಒಂದು ಅಂಗಡಿಯಲ್ಲಿ ಈಗಲೇ ತಿಂಗಳ ಸಾಮಾನಿನ ಲೆಕ್ಕ ಶುರುಮಾಡಿ ಎಂದು ಹೇಳುತ್ತೇನೆ. ಕಷ್ಟ ಬಂದ ಮೇಲೆ ಪರಿಚಯ ಮಾಡಿಕೊಳ್ಳಲು ಹೊರಟರೆ ಆಗುವುದಿಲ್ಲ. ಯಾಕೆ ಎಂಬುದಕ್ಕೆ ಆ ದಿನಗಳನ್ನು ಸ್ವಲ್ಪ ನೆನೆಯಬೇಕು.

ಮಾರ್ಚ್ 22ರ ಭಾನುವಾರ ಜನತಾ ಕರ್ಫ್ಯೂ ಇತ್ತು. 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿಯವರು 21 ದಿನಗಳ ಲಾಕ್‌ಡೌನ್ ಘೋಷಿಸಿದರು. ಮರುದಿನವೇ ಯುಗಾದಿ. ಹಬ್ಬದ ಬೆಲ್ಲ, ಬೇಳೆಗೆಂದು ಬಂದಿದ್ದವರ ಜೊತೆಗೆ ಇಡೀ ತಿಂಗಳ ಸಾಮಾನು ಒಯ್ಯುವವರೂ ಸೇರಿ, ಆ ರಾತ್ರಿ ಹತ್ತೂವರೆಯವರೆಗೆ ನನ್ನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಂದು ಬಂದವರೆಲ್ಲ ಕೈಯಲ್ಲಿ ಹಣ, ಮನೆಯಲ್ಲಿ ಬೈಕು, ಹೊರುವ ತೋಳು ಇದ್ದವರು. ವಯಸ್ಸಾದವರು, ಕೋಲು ಹಿಡಿದವರು, ಒಂಟಿ ಹೆಂಗಸರು ನಾಲ್ಕನೆಯ ದಿನ ನಿಧಾನವಾಗಿ ಬಂದರು. ಅಷ್ಟು ಹೊತ್ತಿಗೆ ತೊಗರಿಬೇಳೆಯೂ ಎಣ್ಣೆಯೂ ತಳ ಕಂಡಿದ್ದವು. ದಿನಸಿ ಲಾರಿಗೆ ಆದೇಶದಲ್ಲಿ ವಿನಾಯಿತಿ ಇದ್ದದ್ದು ನಿಜ, ಆದರೆ ಲಾರಿ ಬಂದರೂ ಮೂಟೆ ಇಳಿಸುವ ಹಮಾಲರಿರಲಿಲ್ಲ, ಚಾಲಕರಿಗೆ ದಾರಿಯಲ್ಲಿ ಊಟ ಸಿಗುತ್ತಿರಲಿಲ್ಲ. ಆ ವರ್ಷ ಮೇ ಎರಡನೆಯ ವಾರದವರೆಗೆ ನಮ್ಮ ಜಿಲ್ಲೆಯಲ್ಲಿ ಒಂದೇ ಒಂದು ಪ್ರಕರಣವೂ ದೃಢಪಟ್ಟಿರಲಿಲ್ಲ ಎಂಬುದನ್ನು ಗಮನಿಸಿ. ರೋಗ ಇನ್ನೂ ಬಾರದ ಊರಿನಲ್ಲಿಯೇ ಅಶಕ್ತರ ಪಾಲಿನ ಬೇಳೆ ಮೊದಲ ರಾತ್ರಿಯಲ್ಲಿ ಖಾಲಿಯಾಗಿತ್ತು.

ಆ ವಾರದಿಂದಲೇ ನಾನು ಒಂದು ನೋಟ್‌ಬುಕ್ ಇಟ್ಟೆ. ನಮ್ಮ ನಾಲ್ಕು ಬೀದಿಗಳಲ್ಲಿ ಅರವತ್ತು ದಾಟಿ ಒಂಟಿಯಾಗಿ ಅಥವಾ ಜೋಡಿಯಾಗಿ ಇರುವವರು, ಡಯಾಲಿಸಿಸ್‌ಗೆ ಹೋಗುವವರು, ತುಂಬು ಗರ್ಭಿಣಿಯರು ಎಂದು ಮೂವತ್ತೊಂದು ಮನೆಗಳ ಹೆಸರು ಬಂದವು. ಬೆಳಿಗ್ಗೆ ಸಾಮಾನು ಬಂದ ಕೂಡಲೇ ಅವರ ಪಾಲನ್ನು ಮೊದಲು ಎತ್ತಿಡುತ್ತಿದ್ದೆ, ಉಳಿದದ್ದನ್ನು ಮಾತ್ರ ಕೌಂಟರಿನಲ್ಲಿ ಮಾರುತ್ತಿದ್ದೆ. ಇದಕ್ಕಾಗಿ ಬೈಸಿಕೊಂಡದ್ದೂ ಇದೆ.

ಅವರಲ್ಲಿ ಒಬ್ಬ ಅಜ್ಜಿಯ ಮನೆಯ ಏರ್ಪಾಡು ಹೀಗಿತ್ತು. ವಾರಕ್ಕೊಮ್ಮೆ, ಗುರುವಾರ ಬೆಳಿಗ್ಗೆ, ಗೇಟಿಗೆ ಒಂದು ಬಟ್ಟೆ ಚೀಲ ನೇತುಹಾಕಿರುತ್ತಿದ್ದರು. ಒಳಗೆ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಬರೆದ ಚೀಟಿ, ಮಡಿಸಿದ ನೋಟುಗಳು. ನಮ್ಮ ಹುಡುಗ ಚೀಲ ತಂದು, ಸಾಮಾನು ತುಂಬಿ, ಚಿಲ್ಲರೆಯನ್ನು ಚೀಟಿಯಲ್ಲಿ ಸುತ್ತಿ ಮತ್ತೆ ಅಲ್ಲಿಯೇ ನೇತುಹಾಕಿ, ಗೇಟು ಬಡಿದು ದೂರ ನಿಲ್ಲುತ್ತಿದ್ದ. ಮೊದಲ ಚೀಟಿಯಲ್ಲಿ ತೊಗರಿಬೇಳೆ ಒಂದು ಕೆಜಿ, ಎಣ್ಣೆ ಒಂದು ಲೀಟರ್, ಕಾಫಿಪುಡಿ ಕಾಲು ಕೆಜಿ ಇತ್ತು. ಎರಡನೆಯದರಲ್ಲಿ ಬೇಳೆ ಅರ್ಧ ಕೆಜಿ, ಕಾಫಿಪುಡಿ ನೂರು ಗ್ರಾಂ. ಮೂರನೆಯದರಲ್ಲಿ ಬೇಳೆ ಕಾಲು ಕೆಜಿ, ಕಾಫಿಪುಡಿಯೇ ಇಲ್ಲ. ಹಾಸನದ ಅಜ್ಜಿಯೊಬ್ಬರು ಕಾಫಿಪುಡಿ ಬಿಡುವುದೆಂದರೆ ಸಣ್ಣ ಮಾತಲ್ಲ. ಫೋನು ಮಾಡಿ ಕೇಳಿದಾಗ ಬಹಳ ಹೊತ್ತು ಏನೂ ಹೇಳಲಿಲ್ಲ. ಕೊನೆಗೆ, ಪಿಂಚಣಿ ಬ್ಯಾಂಕಿನಲ್ಲಿದೆ, ಬ್ಯಾಂಕಿಗೆ ಹೋಗಲು ಆಟೋ ಇಲ್ಲ, ಮನೆಯಲ್ಲಿದ್ದ ಹಣ ಮುಗಿಯುತ್ತಾ ಬಂತು ಎಂದರು. ಸಾಲ ಬರೆಸುವುದು ಅವರಿಗೆ ಅಭ್ಯಾಸವಿರಲಿಲ್ಲ, ಕೇಳಲು ಸಂಕೋಚ. ನಮ್ಮ ಬಡಾವಣೆಯ ಅಂಚೆಯಣ್ಣನಿಗೆ ಹೇಳಿದೆ. ಆಧಾರ್ ಜೋಡಿಸಿದ ಖಾತೆ ಯಾವ ಬ್ಯಾಂಕಿನದಾದರೂ ಬೆರಳಚ್ಚು ಪಡೆದು ಮನೆಬಾಗಿಲಲ್ಲಿ ಹಣ ಕೊಡುವ ವ್ಯವಸ್ಥೆ ಅಂಚೆ ಪಾವತಿ ಬ್ಯಾಂಕಿನ ಮೂಲಕ ಆಗಲೂ ಇತ್ತು, ಈಗಲೂ ಇದೆ. ಮರುದಿನವೇ ಅವರ ಕೈಗೆ ಹಣ ಸೇರಿತು. ದಿನಸಿ ತಲುಪಲಿಲ್ಲ ಎಂದು ನಾವು ಹೇಳುವಾಗ ಎಷ್ಟೋ ಸಲ ದಿನಸಿ ಅಂಗಡಿಯಲ್ಲಿಯೇ ಇರುತ್ತದೆ, ಹಣ ಬ್ಯಾಂಕಿನಲ್ಲಿಯೇ ಇರುತ್ತದೆ, ನಡುವಿನ ಒಂದೂವರೆ ಕಿಲೋಮೀಟರು ಮಾತ್ರ ದಾಟಲಾಗುವುದಿಲ್ಲ. ನಿಮಗೆ ಈ ಕಷ್ಟ ಬರಬೇಕಿಲ್ಲ, ಏಕೆಂದರೆ ನೀವು ಪುಣೆಯಿಂದಲೇ ಯುಪಿಐ ಮೂಲಕ ಅಂಗಡಿಗೆ ತಿಂಗಳ ಲೆಕ್ಕ ಚುಕ್ತಾ ಮಾಡಬಹುದು. ಆದರೆ ಅಂಗಡಿಯವರಿಗೆ ಒಂದು ಮಾತು ಹೇಳಿಡಿ: ಚೀಟಿಯಲ್ಲಿ ಸಾಮಾನು ಕಡಿಮೆಯಾಗುತ್ತಾ ಬಂದರೆ ನನಗೊಂದು ಫೋನು ಮಾಡಿ ಎಂದು. ಅಪ್ಪ ಅಮ್ಮ ಮಕ್ಕಳಿಗೆ ಹೇಳದಿರುವುದು ಅಂಗಡಿಯ ಚೀಟಿಯಲ್ಲಿ ಕಾಣುತ್ತದೆ.

ಇನ್ನು ನನ್ನ ತಪ್ಪಿನ ವಿಷಯ. 2021ರ ಎರಡನೆಯ ಅಲೆ ನಮ್ಮ ಜಿಲ್ಲೆಗೆ ಬಲವಾಗಿ ಬಡಿಯಿತು. ಏಪ್ರಿಲ್ 27ರ ರಾತ್ರಿಯಿಂದ ರಾಜ್ಯದಲ್ಲಿ ಮತ್ತೆ ನಿರ್ಬಂಧ ಬಂತು, ದಿನಸಿ ಮಾರಾಟ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ. ಮೇ 10ರಿಂದ ಇನ್ನಷ್ಟು ಬಿಗಿಯಾಯಿತು. ಮೊದಲು ಹೊರಟ ಆದೇಶದಂತೆ ಅಂಗಡಿಗೆ ವಾಹನದಲ್ಲಿ ಬರುವಂತೆಯೂ ಇರಲಿಲ್ಲ. ನಾಲ್ಕು ಗಂಟೆಯೊಳಗೆ ಇಡೀ ಊರು ಸಾಮಾನು ಒಯ್ಯಬೇಕಾದಾಗ ಕಟ್ಟಿನಕೆರೆ ಮಾರುಕಟ್ಟೆಯ ಸುತ್ತ ಜಾತ್ರೆಯಂತೆ ಜನ ಸೇರಿದರು. ಗುಂಪು ಕರಗಿಸಲು ಸಮಯ ಕಡಿಮೆ ಮಾಡಿದರೆ ಗುಂಪು ದಪ್ಪವಾಗುತ್ತದೆ ಎಂಬುದು ವ್ಯಾಪಾರಿಯಾಗಿ ನನ್ನ ದೃಢ ಅಭಿಪ್ರಾಯ. ಮೊದಲ ಒಂದು ಗಂಟೆಯನ್ನು ಹಿರಿಯರಿಗೆ, ಅಂಗವಿಕಲರಿಗೆ ಬಿಟ್ಟುಕೊಟ್ಟಿದ್ದರೆ ಎಷ್ಟೋ ಅನುಕೂಲವಾಗುತ್ತಿತ್ತು.

ಆ ಗಡಿಬಿಡಿಯಲ್ಲಿ ನನ್ನ ಪಟ್ಟಿಯ ಒಂದು ಮನೆಯಿಂದ ಎರಡು ವಾರ ಫೋನು ಬರಲಿಲ್ಲ. ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿಯ ಮನೆ. ಬೇರೆ ಕಡೆಯಿಂದ ತರಿಸಿಕೊಂಡಿರಬಹುದು ಎಂದುಕೊಂಡು ನಾನು ಸುಮ್ಮನಾದೆ. ಹದಿನಾರನೆಯ ದಿನ ಏನೋ ಮನಸ್ಸಿಗೆ ಬಂದು ಹುಡುಗನನ್ನು ಕಳುಹಿಸಿದರೆ, ಇಬ್ಬರಿಗೂ ಆರು ದಿನಗಳಿಂದ ಜ್ವರ. ಸೋಂಕಿನ ಹೆದರಿಕೆಯಿಂದ ಹಾಲಿನವನನ್ನೂ ಬೇಡವೆಂದಿದ್ದರು. ಮನೆಯಲ್ಲಿ ಅಕ್ಕಿ ಮತ್ತು ಉಪ್ಪು ಬಿಟ್ಟರೆ ಬೇರೇನೂ ಇರಲಿಲ್ಲ, ಗಂಜಿ ಕುಡಿದುಕೊಂಡು ಇದ್ದರು. ಮೇಷ್ಟ್ರು ಬಾಗಿಲ ಹತ್ತಿರ ಕುರ್ಚಿಯಲ್ಲಿ ಕುಳಿತು, “ನೀನೇ ಕೆಲಸದಲ್ಲಿ ಸಾಯ್ತಿರ್ತೀಯ, ನಿನಗ್ಯಾಕೆ ತೊಂದರೆ ಕೊಡೋದು ಅಂತ ಸುಮ್ನಿದ್ವಿ ಕಣಪ್ಪ” ಎಂದರಂತೆ. ಆಶಾ ಕಾರ್ಯಕರ್ತೆಗೆ ತಿಳಿಸಿ ಆಸ್ಪತ್ರೆಗೆ ಸೇರಿಸಿದೆವು, ಇಬ್ಬರೂ ಗುಣವಾಗಿ ಮನೆಗೆ ಬಂದರು. ಆದರೆ ಆ ಹದಿನಾರು ದಿನಗಳನ್ನು ನೆನೆದರೆ ಇಂದಿಗೂ ನನಗೆ ಸಂಕಟವಾಗುತ್ತದೆ. ಅವರು ಕೇಳುವವರೆಗೆ ಕಾಯುವುದು ನನ್ನ ಪದ್ಧತಿಯಾಗಿತ್ತು. ಪದ್ಧತಿಯೇ ತಪ್ಪಾಗಿತ್ತು. ಅಂದಿನಿಂದ ಪಟ್ಟಿಯಲ್ಲಿರುವ ಪ್ರತಿ ಮನೆಗೂ ವಾರದಲ್ಲಿ ಒಂದು ದಿನ ಗೊತ್ತುಮಾಡಿ, ಆ ದಿನ ಚೀಟಿ ಬಾರದಿದ್ದರೆ ನಾವೇ ಹೋಗಿ ಬಾಗಿಲು ತಟ್ಟುತ್ತೇವೆ.

ಆದ್ದರಿಂದ ನಿಮ್ಮ ಅಂಗಡಿಯವರೊಡನೆ ಮಾತಾಡುವಾಗ ದಿನವನ್ನು ನಿಗದಿಮಾಡಿಕೊಳ್ಳುವುದು ಮುಖ್ಯ. ಅದಕ್ಕಿಂತ ಹೆಚ್ಚಿನ ಕಾವಲು ಹಾಲು ಹಾಕುವ ಹುಡುಗ, ಏಕೆಂದರೆ ಆತ ದಿನವೂ ಬರುತ್ತಾನೆ. ನಿನ್ನೆಯ ಪ್ಯಾಕೆಟ್ಟು ಇಂದು ಬೆಳಿಗ್ಗೆಯೂ ಗೇಟಿನಲ್ಲಿಯೇ ಇದ್ದರೆ ತಕ್ಷಣ ಫೋನು ಮಾಡಬೇಕೆಂದು ಹೇಳಿ ನಿಮ್ಮ ನಂಬರು ಕೊಟ್ಟಿರಿ. ಅಪ್ಪ ಅಮ್ಮ ಎಷ್ಟೇ ಹೆದರಿದರೂ ಹಾಲು ನಿಲ್ಲಿಸದಂತೆ ನೋಡಿಕೊಳ್ಳಿ. ಹೊರಗಿನಿಂದ ಬಂದ ಪೊಟ್ಟಣದ ಭಯ 2020ರಲ್ಲಿ ಎಲ್ಲರಿಗೂ ಇತ್ತು, ಜನ ಹಾಲಿನ ಪ್ಯಾಕೆಟ್ಟನ್ನು ಸೋಪು ಹಾಕಿ ತೊಳೆಯುತ್ತಿದ್ದರು. ಸೋಂಕು ತಗುಲಿದ ವಸ್ತುವನ್ನು ಮುಟ್ಟುವುದರಿಂದ ಕೊರೊನಾ ಬರುವ ಸಾಧ್ಯತೆ ಸಾಮಾನ್ಯವಾಗಿ 10,000ದಲ್ಲಿ ಒಂದಕ್ಕಿಂತಲೂ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರ ಏಪ್ರಿಲ್‌ನಲ್ಲಿ ತಿಳಿಸಿತು. ಆ ರೋಗ ಹರಡಿದ್ದು ಮುಖ್ಯವಾಗಿ ಉಸಿರಿನಿಂದ. ಸಾಮಾನು ಒಳಗಿಟ್ಟು ಕೈ ತೊಳೆದರೆ ಸಾಕು, ತಂದುಕೊಟ್ಟವನೊಡನೆ ಬಾಗಿಲಲ್ಲಿ ನಿಂತು ಹರಟುವುದನ್ನು ಬಿಡಬೇಕು. ಮುಂದೆ ಬರುವ ರೋಗದ ಗುಣ ಬೇರೆಯಿರಬಹುದು, ಆಗ ವೈದ್ಯರು ಹೇಳಿದಂತೆ ನಡೆಯಬೇಕು.

ದಾಸ್ತಾನಿನ ವಿಷಯದಲ್ಲಿ ಎರಡೇ ಮಾತು. ಇಬ್ಬರು ವಯಸ್ಸಾದವರ ಮನೆಯಲ್ಲಿ ಎಂದಿನ ತಿಂಗಳ ಸಾಮಾನಿನ ಮೇಲೆ ಇನ್ನು ಎರಡು ವಾರಕ್ಕಾಗುವಷ್ಟು ಇದ್ದರೆ ಸಾಕು. ಆರು ತಿಂಗಳಿಗೆ ತುಂಬಿಟ್ಟರೆ ಹುಳು ಬೀಳುತ್ತದೆ, ಬೇರೆಯವರ ಪಾಲೂ ಕಡಿಮೆಯಾಗುತ್ತದೆ. ನಮ್ಮ ಕಡೆ ಮನೆಮನೆಯಲ್ಲಿ ರಾಗಿ ಇರುತ್ತದೆ, ಕಾಳಾಗಿದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಲಾಕ್‌ಡೌನಿನ ಮೊದಲ ದಿನಗಳಲ್ಲಿ ಹಿಟ್ಟಿನ ಮಿಲ್ಲುಗಳು ಮುಚ್ಚಿದಾಗ ಮೂಟೆ ರಾಗಿ ಇದ್ದವರಿಗೂ ಮುದ್ದೆಗೆ ಹಿಟ್ಟಿರಲಿಲ್ಲ. ಹೀಗಾಗಿ ಮೂರು ನಾಲ್ಕು ಕೆಜಿ ಹಿಟ್ಟು ಮನೆಯಲ್ಲಿ ಇರಲಿ. ನಿಮ್ಮ ತಾಯಿಯ ಮಾತ್ರೆಯ ಚೀಟಿಯ ಒಂದು ಪ್ರತಿಯನ್ನು ಅಂಗಡಿಯವರಿಗೂ ಕೊಟ್ಟಿರಿ, ದಿನಸಿ ತರುವ ಹುಡುಗನೇ ಮೆಡಿಕಲ್ ಸ್ಟೋರಿಗೂ ಹೋಗಿ ಬರುತ್ತಾನೆ.

ನಿಮ್ಮ ತಂದೆತಾಯಿಯ ಮನೆಗೆಲಸಕ್ಕೆ ಬರುವ ಹೆಂಗಸಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಆಕೆ ಬರುವುದು ನಿಂತ ದಿನದಿಂದ ಆಕೆಯ ಮನೆಯ ದಿನಸಿಯೂ ನಿಲ್ಲುತ್ತದೆ. ಸಾಧ್ಯವಾದರೆ ಸಂಬಳ ನಿಲ್ಲಿಸಬೇಡಿ. ಅಂತಹವರಿಗೆ ಉಳಿದ ಆಸರೆ ನ್ಯಾಯಬೆಲೆ ಅಂಗಡಿ. 2020ರ ಮಾರ್ಚ್ 26ರಂದು ಕೇಂದ್ರ ಸರ್ಕಾರ ಘೋಷಿಸಿದ ಯೋಜನೆಯಂತೆ ಸುಮಾರು 80 ಕೋಟಿ ಜನರಿಗೆ ತಲೆಗೆ ತಿಂಗಳಿಗೆ 5 ಕೆಜಿ ಧಾನ್ಯ, ಕುಟುಂಬಕ್ಕೆ 1 ಕೆಜಿ ಬೇಳೆ, ಮೊದಲಿನ ಪಡಿತರದ ಮೇಲೆ ಉಚಿತವಾಗಿ ಸಿಕ್ಕಿತು. ಅದು ಎಷ್ಟೋ ಮನೆಗಳ ಒಲೆ ಉರಿಸಿತು. ತೊಡಕು ಬಂದದ್ದು ಬೇರೆ ಕಡೆ. ಕೂಲಿ ಮಾಡಿ ಸವೆದ ಬೆರಳಿನ ಗುರುತು ಯಂತ್ರಕ್ಕೆ ಹತ್ತುತ್ತಿರಲಿಲ್ಲ. ಹೆಬ್ಬೆಟ್ಟಿನ ಬದಲು ಒಟಿಪಿ ಸಾಕು ಎಂದಾಗ, ಒಟಿಪಿ ಬರುವ ಮೊಬೈಲು ಬೆಂಗಳೂರಿನಲ್ಲಿರುವ ಮಗನ ಜೇಬಿನಲ್ಲಿರುತ್ತಿತ್ತು. ಹಿರಿಯರ ಪಡಿತರ ಚೀಟಿಗೆ ಯಾವ ನಂಬರು ಜೋಡಣೆಯಾಗಿದೆ ಎಂದು ಇಂದೇ ನೋಡಿಸಿ. ಹಿರಿಯರಷ್ಟೇ ಇರುವ, 80 ದಾಟಿದವರ ಮನೆಗಳಿಗೆ ಪಡಿತರವನ್ನು ಬಾಗಿಲಿಗೇ ತಲುಪಿಸುವ ‘ಅನ್ನ ಸುವಿಧಾ’ ವ್ಯವಸ್ಥೆಯನ್ನು 2024–25ರ ರಾಜ್ಯ ಬಜೆಟ್‌ನಲ್ಲಿ ಪ್ರಕಟಿಸಲಾಯಿತು, ಅರ್ಹರಿದ್ದರೆ ಕೇಳಿ ಪಡೆಯಬೇಕು. ಪಡಿತರದ ದೂರಿಗೆ 1967, ಹಿರಿಯರ ಯಾವುದೇ ಸಂಕಷ್ಟಕ್ಕೆ 14567. ಈ ಎರಡು ನಂಬರುಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಫೋನಿನ ಪಕ್ಕದ ಗೋಡೆಗೆ ಅಂಟಿಸಿ.

ಹಳ್ಳಿಯಲ್ಲಿ ಹಿರಿಯರಿರುವ ಬೇರೆಯವರೂ ಇದನ್ನು ಓದಬಹುದೆಂದು ಇಷ್ಟು ಸೇರಿಸುತ್ತೇನೆ. ಆಲೂರು, ಸಕಲೇಶಪುರದ ಕಡೆ ತೋಟದ ನಡುವಿನ ಒಂಟಿಮನೆಗಳಿಗೆ ಬಸ್ಸು ನಿಂತ ಮೇಲೆ ದಾರಿಯಾದದ್ದು ಹಾಲಿನ ಡೈರಿ. ಸಂತೆ ನಿಂತಿತು, ಶಾಲೆ ನಿಂತಿತು, ಡೈರಿ ಮಾತ್ರ ಎರಡು ಹೊತ್ತೂ ನಡೆಯಿತು. ನನ್ನ ಹುಟ್ಟೂರಿನಲ್ಲಿ ಡೈರಿಗೆ ಹಾಲು ಹಾಕಲು ಬರುವವರ ಕೈಯಲ್ಲಿ ಪಕ್ಕದ ಮನೆಯ ಅಜ್ಜನ ಚೀಟಿ ಬರುತ್ತಿತ್ತು, ಸಂಜೆಯ ಹಾಲಿನ ಹೊತ್ತಿಗೆ ಸಾಮಾನು ಅದೇ ಕೈಯಲ್ಲಿ ವಾಪಸು ಹೋಗುತ್ತಿತ್ತು. ನಿಮ್ಮೂರಿನಲ್ಲಿ ಏನೇ ಆದರೂ ನಿಲ್ಲದ ಓಡಾಟ ಯಾವುದು ಎಂದು ನೋಡಿ, ಚೀಟಿಯನ್ನು ಅದರ ಜೊತೆ ಕಳುಹಿಸಿ.

ನೀವು ಮುಂದಿನ ಸಲ ಊರಿಗೆ ಬಂದಾಗ ಅಂಗಡಿಯವರನ್ನು ಒಮ್ಮೆ ಮನೆಗೆ ಕರೆದು ಕಾಫಿ ಕೊಟ್ಟು ಅಪ್ಪ ಅಮ್ಮನ ಎದುರಿಗೇ ಮಾತಾಡಿ, ಮೊದಲ ತಿಂಗಳ ಚೀಟಿಯನ್ನು ಅವರ ಕೈಯಲ್ಲಿಯೇ ಬರೆಸಿ. ಗೇಟಿನ ಒಳಬದಿಗೆ, ನಿಮ್ಮ ತಾಯಿ ಬಗ್ಗದೆ ಕೈಯಿಡಬಹುದಾದ ಎತ್ತರದಲ್ಲಿ, ಹತ್ತು ಕೆಜಿ ತಡೆಯುವ ಒಂದು ಕಬ್ಬಿಣದ ಕೊಕ್ಕೆ ಹಾಕಿಸಿ. ನೆಲದ ಮೇಲಿಟ್ಟ ಚೀಲವನ್ನು ಎತ್ತಲಾಗದೆ ಅಲ್ಲಿಯೇ ಬಿಟ್ಟವರನ್ನು ನಾನು ನೋಡಿದ್ದೇನೆ.