ಗಣಕ ಪ್ರಶ್ನೋತ್ತರ: ಹಳೇ ಲ್ಯಾಪ್‌ಟಾಪಿಗೆ ಹಗುರವಾದ ಡೆಸ್ಕ್‌ಟಾಪ್ ಯಾವುದು?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ಕಾಫಿ ತೋಟ. ತೋಟದ ಲೆಕ್ಕ, ಆಳುಗಳ ಬಟವಾಡೆ ಎಲ್ಲಾ ಒಂದು ಹಳೇ ಐ3 ಲ್ಯಾಪ್‌ಟಾಪಿನಲ್ಲಿದೆ. 4 ಜಿಬಿ ರ‍್ಯಾಮ್, ಹಾರ್ಡ್‌ಡಿಸ್ಕ್. ಉಬುಂಟು ಲಿನಕ್ಸ್ 20.04ರಿಂದ 24.04ಕ್ಕೆ ಬಂದ ಮೇಲೆ ಪರದೆಯ ರೂಪವೇ ಬದಲಾಗಿದೆ, ವೇಗವೂ ಇಲ್ಲ. ಫೈಲುಗಳಿಗೆ ತೊಂದರೆಯಾಗದಂತೆ ಬೇರೆ ಡೆಸ್ಕ್‌ಟಾಪ್ (ಪರದೆಯ ರೂಪ, ಮೆನು, ಪ್ಯಾನೆಲ್ ಒದಗಿಸುವ ತಂತ್ರಾಂಶ) ಹಾಕಿಕೊಳ್ಳಬಹುದೇ?
– ಮೂಡಿಗೆರೆಯ ಓದುಗರು

ಉತ್ತರ: ಖಂಡಿತ ಹಾಕಿಕೊಳ್ಳಬಹುದು. ಉಬುಂಟುವನ್ನು ಹೊಸದಾಗಿ ಅನುಸ್ಥಾಪಿಸುವ ಅಗತ್ಯವೂ ಇಲ್ಲ. ನೀವು ಕಂಡ ಬದಲಾವಣೆ ಉಬುಂಟುವಿನ ಜೊತೆಗೇ ಬರುವ ಡೆಸ್ಕ್‌ಟಾಪ್ ಆದ ಗ್ನೋಮ್‌ನದ್ದು, 2021ರ ಗ್ನೋಮ್ 40ರಲ್ಲಿ ಬಂದದ್ದು. ಮೇಲೆ-ಕೆಳಗೆ ಇದ್ದ ವರ್ಕ್‌ಸ್ಪೇಸ್‌ಗಳು (ವಿಂಡೋಗಳನ್ನು ಹಂಚಿಡುವ ಬೇರೆಬೇರೆ ಪರದೆಗಳು) ಆಗ ಅಡ್ಡಸಾಲಾದವು. ಕೈಗೆ ಕೂತ ಅಭ್ಯಾಸ ಕೆಡುವುದು ಸಣ್ಣ ಮಾತಲ್ಲ. ದಿನವಿಡೀ ಲೆಕ್ಕ ಬರೆಯುವವರಿಗಂತೂ ಅಲ್ಲವೇ ಅಲ್ಲ. ಎಕ್ಸ್‌ಟೆನ್ಷನ್ (ಗ್ನೋಮ್‌ಗೆ ಸೇರಿಸುವ ಪುಟ್ಟ ತಂತ್ರಾಂಶ) ಹಾಕಿ ಹಳೇ ರೂಪ ತರಬಹುದು, ಆದರೆ ಗ್ನೋಮ್ ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬಿಡುತ್ತದೆ, ಅಪ್‌ಗ್ರೇಡ್ ಆದಾಗ ಎಕ್ಸ್‌ಟೆನ್ಷನ್ ಕೈಕೊಡುವುದುಂಟು. ಅದರಿಂದ ರ‍್ಯಾಮೂ ಉಳಿಯುವುದಿಲ್ಲ.

ನಿಮಗೆ ನನ್ನ ಸಲಹೆ ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್. 1996ರಿಂದ ಬೆಳೆದು ಬಂದಿದೆ, ರೂಪವನ್ನು ತಟ್ಟನೆ ಬದಲಿಸುವ ಚಾಳಿ ಇಲ್ಲ. ಲಾಗಿನ್ ಆದ ಕೂಡಲೇ ಉಬುಂಟುವಿನ ಗ್ನೋಮ್ ಸುಮಾರು 1 ಜಿಬಿ ಅಥವಾ ಅದಕ್ಕೂ ಹೆಚ್ಚು ರ‍್ಯಾಮ್ ಹಿಡಿದರೆ, ಇದು ಅದರ ಅರ್ಧದಿಂದ ಮುಕ್ಕಾಲು ಭಾಗದಲ್ಲಿ ಮುಗಿಸುತ್ತದೆ. ಗ್ನೋಮ್ 2ರ ರೂಪವೇ ಬೇಕೆನ್ನುವವರಿಗೆ ಮಾಟೆ ಇದೆ. 2011ರಲ್ಲಿ ಗ್ನೋಮ್ 3 ಬಂದಾಗ ಒಪ್ಪದವರು ಹಳೇ ಕೋಡನ್ನೇ ಮುಂದುವರಿಸಿ ಕಟ್ಟಿದ್ದು ಅದು. ಸಿನಮನ್ ಎಂಬ ಇನ್ನೊಂದು ಡೆಸ್ಕ್‌ಟಾಪೂ ಚೆನ್ನಾಗಿದೆ, ಆದರೆ 4 ಜಿಬಿಗೆ ಹಗುರ ಎನ್ನಲಾರೆ.

ಮೊದಲು ಲೆಕ್ಕದ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲಿಸಿ. ಆಮೇಲೆ ಟರ್ಮಿನಲ್‌ನಲ್ಲಿ ಆಪ್ಟ್ ಆದೇಶದ ಮೂಲಕ ಅಥವಾ ಸಿನಾಪ್ಟಿಕ್ ಎಂಬ ಪ್ಯಾಕೇಜ್ ಹಾಕುವ ತಂತ್ರಾಂಶದಲ್ಲಿ ಹುಡುಕಿ ಎಕ್ಸ್‌ಎಫ್‌ಸಿಇ4 ಮತ್ತು ಎಕ್ಸ್‌ಎಫ್‌ಸಿಇ4-ಗುಡೀಸ್ ಎಂಬ ಎರಡು ಪ್ಯಾಕೇಜ್ ಹಾಕಿ. ಕ್ಸುಬುಂಟು-ಡೆಸ್ಕ್‌ಟಾಪ್ ಪ್ಯಾಕೇಜ್ ಬೇಡ. ಅದು ಬೂಟ್ ಚಿತ್ರದಿಂದ ಹಿಡಿದು ತನ್ನ ಇಡೀ ಸಂಸಾರವನ್ನೇ ತರುತ್ತದೆ, ಆಮೇಲೆ ತೆಗೆಯುವುದು ತಲೆನೋವು. ಅನುಸ್ಥಾಪನೆಯ ನಡುವೆ ಡಿಸ್‌ಪ್ಲೇ ಮ್ಯಾನೇಜರ್ (ಲಾಗಿನ್ ಪರದೆ ತೋರಿಸುವ ತಂತ್ರಾಂಶ) ಯಾವುದು ಎಂದು ಕೇಳಿದರೆ ಈಗಿರುವ ಜಿಡಿಎಂ3 ಅನ್ನೇ ಇಟ್ಟುಕೊಳ್ಳಿ.

ಲಾಗ್ಔಟ್ ಆಗಿ. ಲಾಗಿನ್ ಪರದೆಯಲ್ಲಿ ನಿಮ್ಮ ಹೆಸರನ್ನು ಒತ್ತಿದ ಮೇಲೆ, ಪಾಸ್‌ವರ್ಡ್ ಕೊಡುವ ಮೊದಲು, ಬಲಗಡೆ ಕೆಳಮೂಲೆಯಲ್ಲಿ ಹಲ್ಲುಚಕ್ರದ ಗುರುತು ಬರುತ್ತದೆ. ಅದನ್ನು ಒತ್ತಿ ಎಕ್ಸ್‌ಎಫ್‌ಸಿಇ ಸೆಷನ್ ಆರಿಸಿ. ಹೆಸರು ಒತ್ತುವ ಮೊದಲು ಆ ಗುರುತು ಇರುವುದಿಲ್ಲ. ಬಹಳ ಜನ ಅಲ್ಲೇ ಸಿಕ್ಕಿಬೀಳುತ್ತಾರೆ. ಒಮ್ಮೆ ಆರಿಸಿದ್ದು ಮುಂದಿನ ಸಲಕ್ಕೂ ನೆನಪಿರುತ್ತದೆ.

ಒಳಗೆ ಬಂದಾಗ ಮೇಲೊಂದು, ಕೆಳಗೊಂದು ಪ್ಯಾನೆಲ್ ಕಾಣುತ್ತದೆ. ಪ್ಯಾನೆಲ್ ಪ್ರಿಫರೆನ್ಸಸ್‌ನಲ್ಲಿ ಎರಡನೆಯದನ್ನು ಅಳಿಸಿ. ಮೊದಲನೆಯದರ ಲಾಕ್ ತೆಗೆದು, ತುದಿಯಲ್ಲಿ ಹಿಡಿದು ಕೆಳಗೆ ಎಳೆಯಿರಿ, ಮತ್ತೆ ಲಾಕ್ ಮಾಡಿ. ವಿಂಡೋ ಬಟನ್ಸ್ ಸೆಟ್ಟಿಂಗ್‌ನಲ್ಲಿ ಗ್ರೂಪಿಂಗ್ ‘ನೆವರ್’ ಎಂದಿಟ್ಟರೆ ಬಟವಾಡೆ ಹಾಳೆ ಒಂದು ಗುಂಡಿ, ಗೊಬ್ಬರದ ಲೆಕ್ಕ ಇನ್ನೊಂದು ಗುಂಡಿಯಾಗಿ ಬೇರೆಬೇರೆ ಕಾಣುತ್ತವೆ. ವಿಂಡೋ ಮ್ಯಾನೇಜರ್ ಟ್ವೀಕ್ಸ್‌ನಲ್ಲಿ ಕಂಪೋಸಿಟರ್ (ವಿಂಡೋಗಳಿಗೆ ನೆರಳು, ಪಾರದರ್ಶಕತೆ ಕೊಡುವ ಭಾಗ) ನಿಲ್ಲಿಸಿದರೆ ಹಳೇ ಗ್ರಾಫಿಕ್ಸಿಗೆ ಸ್ವಲ್ಪ ಉಸಿರಾಡಲು ಜಾಗ ಸಿಗುತ್ತದೆ. ವಿಡಿಯೋ ನೋಡುವಾಗ ಪರದೆ ಸೀಳಿದಂತೆ ಕಂಡರೆ ಮತ್ತೆ ಹಾಕಿ.

ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೋ ಹೇಳಲಾಗದ ಊರು ನಿಮ್ಮದು. ಪವರ್ ಮ್ಯಾನೇಜರಿನಲ್ಲಿ ಕ್ರಿಟಿಕಲ್ ಬ್ಯಾಟರಿ ಮಟ್ಟವನ್ನು ಶೇ 20ಕ್ಕೆ ಏರಿಸಿ, ಆಗ ಶಟ್‌ಡೌನ್ ಆಗಲಿ ಎಂದಿಡಿ. ಬ್ಯಾಟರಿ ಹಳತಾದಾಗ ಶೇ 10 ತೋರಿಸುತ್ತಿರುವಾಗಲೇ ಆರಿಹೋಗಬಹುದು, ಉಳಿಸದ ಹಾಳೆ ಹೋದಂತೆಯೇ.

ಗ್ನೋಮನ್ನು ಮಾತ್ರ ಈಗಲೇ ತೆಗೆಯಬೇಡಿ. ಅದನ್ನು ಕಿತ್ತು ಆಟೋರಿಮೂವ್ (ಬೇಡವಾದ ಪ್ಯಾಕೇಜ್‌ಗಳನ್ನು ತಾನೇ ಅಳಿಸುವ ಆದೇಶ) ಓಡಿಸಿದರೆ ವೈಫೈ ಐಕಾನ್, ಪ್ರಿಂಟರ್ ಸೆಟ್ಟಿಂಗ್‌ನಂಥವೂ ಜೊತೆಗೇ ಹೋಗಬಹುದು. ಡಿಸ್ಕಿನಲ್ಲಿ ಸುಮ್ಮನೆ ಕೂತ ಗ್ನೋಮ್ ರ‍್ಯಾಮ್ ತಿನ್ನುವುದಿಲ್ಲ.

ಇನ್ನು ವೇಗ. ಬ್ರೌಸರಿನಲ್ಲಿ ಹತ್ತು ಟ್ಯಾಬ್ ತೆರೆದರೆ ಎಕ್ಸ್‌ಎಫ್‌ಸಿಇ ಉಳಿಸಿದ್ದೆಲ್ಲ ಅಲ್ಲೇ ಖರ್ಚು. ರ‍್ಯಾಮ್ ತುಂಬಿ ಹೆಚ್ಚಾದದ್ದು ಹಾರ್ಡ್‌ಡಿಸ್ಕಿನ ಸ್ವಾಪ್ ಜಾಗಕ್ಕೆ ಇಳಿದಾಗ ಯಂತ್ರ ತೆವಳುವುದು. ಝಡ್‌ರ‍್ಯಾಮ್-ಟೂಲ್ಸ್ ಪ್ಯಾಕೇಜ್ ಹಾಕಿ ಅದರ ಸೆಟ್ಟಿಂಗ್ ಫೈಲಿನಲ್ಲಿ ‘ಪರ್ಸೆಂಟ್’ ಅನ್ನು 50 ಮಾಡಿ. ಸ್ವಾಪ್ ಆಗಬೇಕಾದದ್ದು ಮೊದಲು ರ‍್ಯಾಮಿನಲ್ಲೇ ಕುಗ್ಗಿ ಕೂರುತ್ತದೆ. ಸಾಧ್ಯವಾದರೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿಸಿ. ಯಾವ ಡೆಸ್ಕ್‌ಟಾಪ್ ಬದಲಾವಣೆಯೂ ಅಷ್ಟು ಫಲ ಕೊಡದು.

ಪ್ರಶ್ನೆ: ಎಕ್ಸ್‌ಎಫ್‌ಸಿಇಗೆ ಬಂದ ಮೇಲೆ ಕನ್ನಡ ಟೈಪಿಂಗ್ ನಿಂತಿದೆ. ಗ್ನೋಮ್‌ನಲ್ಲಿ ಸರಿಯಿತ್ತು. ನಮ್ಮದು ಡಿಟಿಪಿ ಕೆಲಸ.
– ಹಾಸನದ ಓದುಗರು

ಉತ್ತರ: ಕನ್ನಡ ಟೈಪಿಸಲು ನೆರವಾಗುವ ಐಬಸ್ ತಂತ್ರಾಂಶವನ್ನು ಗ್ನೋಮ್ ತಾನೇ ಎಬ್ಬಿಸುತ್ತದೆ, ಎಕ್ಸ್‌ಎಫ್‌ಸಿಇಗೆ ನಾವು ಹೇಳಬೇಕು. ಐಬಸ್-ಎಂ17ಎನ್ ಪ್ಯಾಕೇಜ್ ಇದೆಯೇ ನೋಡಿ. ಟರ್ಮಿನಲ್‌ನಲ್ಲಿ ಐಎಂ-ಕಾನ್ಫಿಗ್ ಓಡಿಸಿ ಐಬಸ್ ಆರಿಸಿ, ಲಾಗ್ಔಟ್ ಆಗಿ ಬನ್ನಿ. ಐಬಸ್ ಪ್ರಿಫರೆನ್ಸಸ್‌ನ ಇನ್‌ಪುಟ್ ಮೆಥಡ್ ಪಟ್ಟಿಯಲ್ಲಿ ಕನ್ನಡದಡಿ ಕೆಜಿಪಿ ಕೀಲಿವಿನ್ಯಾಸ ಸೇರಿಸಿ. ನುಡಿ ತಂತ್ರಾಂಶದಲ್ಲಿ ಪಳಗಿದ ಬೆರಳಿಗೆ ಅದೇ ಹತ್ತಿರ. ಭಾಷೆ ಬದಲಿಸುವ ಸೂಪರ್+ಸ್ಪೇಸ್ ಕೀಲಿ ಮೆನುವಿನ ಸೂಪರ್ ಕೀಲಿಯ ಜೊತೆ ಜಗಳವಾಡಿದರೆ ಕಂಟ್ರೋಲ್+ಸ್ಪೇಸ್ ಇಟ್ಟುಕೊಳ್ಳಿ. ಎಕ್ಸ್‌ಎಫ್‌ಸಿಇಯ ಕೀಬೋರ್ಡ್ ಲೇಔಟ್ ಪಟ್ಟಿಯಲ್ಲೂ ಕನ್ನಡ ಸೇರಿಸಬೇಡಿ, ಎರಡೂ ಸೇರಿದರೆ ಅಕ್ಷರ ಅಡ್ಡಾದಿಡ್ಡಿ.

ಬ್ರೌಸರಿನಲ್ಲಿ ಕನ್ನಡ ಬಂದು ಲಿಬ್ರೆಆಫೀಸ್‌ನಲ್ಲಿ ಬಾರದಿದ್ದರೆ ಲಿಬ್ರೆಆಫೀಸ್-ಜಿಟಿಕೆ3 ಪ್ಯಾಕೇಜ್ ಬಿಟ್ಟುಹೋಗಿರಬಹುದು. ಅಕ್ಷರಗಳಿಗೆ ನೋಟೋ ಜೊತೆ ಗುಬ್ಬಿ, ನವಿಲು ಫಾಂಟ್‌ಗಳೂ ಉಬುಂಟುವಿನಲ್ಲೇ ಸಿಗುತ್ತವೆ. ಯೂನಿಕೋಡ್ ಅಲ್ಲದ ಹಳೇ ನುಡಿ ಫೈಲುಗಳು ವಿಚಿತ್ರವಾಗಿ ಕಂಡರೆ ಅದು ಡೆಸ್ಕ್‌ಟಾಪಿನ ದೋಷವಲ್ಲ, ಅವನ್ನು ಯೂನಿಕೋಡಿಗೆ ಪರಿವರ್ತಿಸಬೇಕು.

ಪ್ರಶ್ನೆ: 2 ಜಿಬಿ ರ‍್ಯಾಮಿನ ನೆಟ್‌ಬುಕ್ ಇದೆ. ಯಾವುದು ಹಾಕಲಿ?
– ಅರಸೀಕೆರೆಯ ಓದುಗರು

ಉತ್ತರ: ಎಲ್‌ಎಕ್ಸ್‌ಕ್ಯೂಟಿ ಎಂಬ ಹಗುರ ಡೆಸ್ಕ್‌ಟಾಪ್. ಪ್ರೊಸೆಸರ್ 64-ಬಿಟ್ ಆಗಿದೆಯೇ ಎಂದು ಮೊದಲು ಎಲ್‌ಎಸ್‌ಸಿಪಿಯು ಆದೇಶದಿಂದ ತಿಳಿಯಿರಿ. 32-ಬಿಟ್ ಮಾತ್ರ ಆದರೆ ಉಬುಂಟು ಬದಲು ಡೆಬಿಯನ್ 12 ಎಂಬ ಲಿನಕ್ಸ್ ಹಾಕಿ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ಕ್ಕೆ 32-ಬಿಟ್ ಪಿಸಿಯ ಇನ್‌ಸ್ಟಾಲರ್ ಇಲ್ಲ. ಪತ್ರ ಬರೆಯಲು, ಪಿಡಿಎಫ್ ಓದಲು ಸಾಕು, ಬ್ರೌಸರಿನಲ್ಲಿ ಒಂದೆರಡು ಟ್ಯಾಬ್‌ಗಿಂತ ಹೆಚ್ಚು ತೆರೆಯಬೇಡಿ.