ಲೀಡ್ಸ್‌ನಿಂದ ಬರೋ ಮಗಳು ತಿನ್ನಾಕ ಏನ್ ತರ್ಬೇಕು?

ಪ್ರಶ್ನೆ: ನನ್ನ ಮಗಳು ಇಂಗ್ಲೆಂಡಿನ ಲೀಡ್ಸ್‌ನಾಗ ಓದಾಕತ್ತಾಳ್ರಿ, ಮೇ ತಿಂಗಳದಾಗ ಊರಿಗೆ ಬರ್ತಾಳ. ಬೀಗರು, ಓಣಿ ಮಂದಿ, ಆಕಿ ಗೆಳತ್ಯಾರು ಎಲ್ಲಾರಿಗೂ ಏನರ ಕೊಡಬೇಕಲ್ರಿ. ಪ್ರತಿ ಸಲ ಚಾಕಲೇಟ್ ಬ್ಯಾಡವಾ, ಅಲ್ಲಿ ಮಂದಿ ಮೊದಲಿಂದ ತಿನ್ಕೋತ ಬಂದಿದ್ದು ಏನರ ತಗೊಂಡ್ ಬಾ ಅಂದ್ರ, ಏನ್ ತರ್ಲಿ ನೀನ ಹೇಳು ಅಂತಾಳ. ನಮ್ಮ ಅತ್ತಿಯವ್ರು ತತ್ತಿ ಸೈತ ಮುಟ್ಟಂಗಿಲ್ಲ. ಮತ್ತ ಆಕಿ ವಾಪಸ್ ಹೋಗುವಾಗ ಅಲ್ಲಿ ಗೆಳತ್ಯಾರಿಗೆ ಕುಂದಾ ಕಳಸಬಹುದೇನ್ರಿ?
– ಓದುಗರು, ವಿದ್ಯಾಗಿರಿ, ಬಾಗಲಕೋಟಿ

ಉತ್ತರ: ಅಕ್ಕಾರ, ಚಾಕಲೇಟ್ ಬ್ಯಾಡ ಅಂದಿದ್ದು ಚಲೋ ಆತು, ಮೇ ತಿಂಗಳ ಬಿಸಲಾಗ ಬೆಂಗಳೂರಿನಿಂದ ಬಸ್ಸಿನ ಡಿಕ್ಕಿಯೊಳಗ ಬ್ಯಾಗ್ ಬಂದು ಮುಟ್ಟೂದ್ರಾಗ ಅದು ಕರಗಿ ಕಾಗದಕ್ಕ ಹತ್ಕೊಂಡಿರ್ತೈತಿ.

ಮೊದ್ಲ ಅತ್ತಿಯವ್ರ ವಿಷಯ, ಯಾಕಂದ್ರ ಭಾಳ ಮಂದಿ ಎಡವೂದು ಇಲ್ಲೇ. ನಮ್ಮಲ್ಲಿ ಪಾಕೀಟಿನ ಮ್ಯಾಲೆ ಹಸರ ಚುಕ್ಕಿ ಇತ್ತಂದ್ರ ತತ್ತಿನೂ ಇಲ್ಲ ಅಂತ ಕಣ್ಣ ಮುಚ್ಚಿ ತಗೋತೀವಿ, ಬ್ರಿಟನ್ನಿನಾಗ ಹಂಗಲ್ರಿ, ಅಲ್ಲಿ ವೆಜಿಟೇರಿಯನ್ ಅಂದ್ರ ತತ್ತಿ ನಡೀತೈತಿ. ಹಿಂಗಾಗಿ ಪಾಕೀಟಿನ ಮುಂದ ವೆಜಿಟೇರಿಯನ್ ಅಂತ ಬರ್ದಿದ್ರೂ ಹಿಂದ ತಿರುವಿ ಏನೇನ್ ಹಾಕ್ಯಾರ ಅಂತ ಓದಾಕಬೇಕು. ಅಲರ್ಜಿ ತರೋ 14 ಪದಾರ್ಥದ ಹೆಸರು ಎದ್ದು ಕಾಣೂ ಹಂಗ ಹಾಕಬೇಕಂತ ಅಲ್ಲಿ ಕಾಯ್ದೆನ ಐತಿ, ಹೆಚ್ಚಾಗಿ ದಪ್ಪ ಅಕ್ಷರದಾಗ ಇರ್ತಾವು, ತತ್ತಿ, ಹಾಲು, ಮೀನು, ಶೇಂಗಾ ಎಲ್ಲಾ ಅದರಾಗ ಬರ್ತಾವು. ಆದ್ರ ಜೆಲಟಿನ್ನು, ಸೂಯೆಟ್ಟು ಆ ಪಟ್ಟಿಯೊಳಗ ಇಲ್ಲ, ಅವನ್ನ ಸಣ್ಣ ಅಕ್ಷರದಾಗ ಹುಡುಕೇ ನೋಡಬೇಕು. ಜೆಲಟಿನ್ ಅಂದ್ರ ದನ ಇಲ್ಲಾ ಹಂದಿ ಚರ್ಮ, ಎಲುಬಿನಿಂದ ತಗದಿದ್ದು, ಜೆಲ್ಲಿ ಬೇಬೀಸ್‌ನಂಥಾ ಮೆತ್ತನ್ನ ಮಿಠಾಯಿಯೊಳಗ ಇರ್ತೈತಿ. ಸೂಯೆಟ್ ಅಂದ್ರ ದನದ ಕೊಬ್ಬು, ಹಳೇ ಪದ್ಧತಿ ಕ್ರಿಸ್‌ಮಸ್ ಪುಡಿಂಗಿಗೆ ಅದನ್ನ ಹಾಕ್ತಾರ. ವೂಸ್ಟರ್ ಸಾಸ್‌ನಾಗ ಮೀನು. ಇವು ಮೂರೂ ನಿಮ್ಮನಿಗೆ ಬ್ಯಾಡ.

ಹಂಗಾರ ಏನ್ ತರ್ಬೇಕು ಅಂದ್ರ ನಾ ಎಲ್ಲಾಕ್ಕಿಂತ ಮೊದ್ಲ ಹೇಳೂದು ಶಾರ್ಟ್‌ಬ್ರೆಡ್. ಇದು ಸ್ಕಾಟ್ಲೆಂಡಿನ ಹಳೇ ಬಿಸ್ಕೀಟು, ಒಂದು ಪಾಲು ಸಕ್ಕರಿ, ಎರಡು ಪಾಲು ಬೆಣ್ಣಿ, ಮೂರು ಪಾಲು ಮೈದಾ, ಮ್ಯಾಲೊಂದೀಟು ಉಪ್ಪು, ಅಷ್ಟ. ತತ್ತಿ ಇಲ್ಲ. ಬಟ್ಟಿನಷ್ಟು ಉದ್ದದ ದಪ್ಪ ತುಂಡು, ಮ್ಯಾಲೆ ಮುಳ್ಳಚಮಚದಿಂದ ಚುಚ್ಚಿದ ಸಾಲು ಸಾಲು ತೂತು, ಬಾಯಾಗ ಇಟ್ರ ನಮ್ಮ ಬೇಕರಿ ನಾನ್‌ಕಟಾಯಿ ಹಂಗ ಪುಡಿಪುಡಿ ಆಗ್ತೈತಿ, ಹಿಂಗಾಗಿ ಅತ್ತಿಯವ್ರಿಗೆ ಹಲ್ಲಿಗೂ ತ್ರಾಸಿಲ್ಲ, ಚಹಾದ ಜೋಡಿ ಕುಂತು ತಿಂತಾರ. ವಾಕರ್ಸ್ ಅನ್ನೋ ಕಂಪನಿ 1898ರಿಂದ ಮಾಡ್ಕೋತ ಬಂದೈತಿ, ಕೆಂಪು ಚೌಕಳಿ ಡಬ್ಬಿ ಅವ್ರದ. ಆದ್ರ ಓಣಿ ತುಂಬ ಹಂಚೂದಿದ್ರ ಅದನ್ನ ತಗೋಬೇಕಂತೇನಿಲ್ಲ, ಅಲ್ಲಿ ಸೂಪರ್ ಮಾರ್ಕೆಟ್ಟಿನ ಸ್ವಂತ ಹೆಸರಿನ ಪಾಕೀಟು ಅಗ್ಗ ಸಿಗ್ತಾವು, ‘ಆಲ್ ಬಟರ್’ ಅಂತ ಬರ್ದಿದ್ದನ್ನ ಆರಿಸ್ಬೇಕು ಇಷ್ಟ, ಇಲ್ಲಾಂದ್ರ ಬೆಣ್ಣಿ ಬದ್ಲಿ ಪಾಮ್ ಎಣ್ಣಿ ಇರಬಹುದು, ರುಚಿ ಹೋಗಿಬಿಡ್ತೈತಿ. ಏರ್‌ಪೋರ್ಟಿನಾಗ ತಗೋತೀನಿ ಅಂತ ಬಿಟ್ಟು ಬರಬಾರ್ದು, ಓದೋ ಹುಡುಗಿ, ರೊಕ್ಕ ಸುಮ್ಮನ ಯಾಕ ಹೆಚ್ಚಿಗಿ ಕೊಡ್ಬೇಕು.

ಹುಡುಗರಿಗೆ ಕೆಂಡಲ್ ಮಿಂಟ್ ಕೇಕ್ ತರ್ಲಿ. ಸಕ್ಕರಿ, ಗ್ಲೂಕೋಸು, ಪುದೀನಾ ಜಾತಿಯ ಪೆಪ್ಪರ್‌ಮಿಂಟ್ ಎಣ್ಣಿ ಹಾಕಿ ಕುದಿಸಿ ಹಲಗಿ ಮಾಡಿದ್ದು, ಹಾಲೂ ಇಲ್ಲ ತತ್ತಿನೂ ಇಲ್ಲ. 1953ರಾಗ ತೇನ್‌ಸಿಂಗ್, ಹಿಲರಿ ಎವರೆಸ್ಟ್ ಹತ್ತಿದಾಗ ಅವ್ರ ಜೋಡಿ ಇದೂ ಮ್ಯಾಲೆ ಹೋಗಿತ್ತು, ಈ ಕತಿ ಹೇಳಿ ಕೊಟ್ರ ಹುಡುಗರು ಖುಷಿಯಿಂದ ತಿಂತಾವು.

ಲೀಡ್ಸ್‌ನ ಮಗ್ಗಲದಾಗ ಪಾಂಟಿಫ್ರ್ಯಾಕ್ಟ್ ಅಂತ ಊರೈತಿ, ಅಲ್ಲಿಯ ಕರೇ ಬಿಲ್ಲಿ ಮಿಠಾಯಿ ಹೆಸರುವಾಸಿ, ಮ್ಯಾಲೆ ಕಿಲ್ಲೇದ ಮುದ್ರಿ ಒತ್ತಿರ್ತಾರ. ಅದರ ಜೀವಾಳನ ಜೇಷ್ಠಮಧು, ನಮ್ಮ ಅಜ್ಜಿಗೋಳು ಕೆಮ್ಮಿಗೆ ಕೊಡ್ತಿದ್ರಲ್ರಿ ಅದ. ವಯಸ್ಸಾದವ್ರಿಗೆ ಆ ವಾಸನಿ ಗುರ್ತಿರ್ತೈತಿ, ಹಿಂಗಾಗಿ ನನಗ ಇದು ಭಾಳ ಚಲೋ ಅನಸ್ತೈತಿ. ಆದ್ರ ಬಿಪಿ ಇದ್ದವ್ರು ಒಂದೆರಡು ತಿಂದು ಬಿಡಬೇಕು, ಜೇಷ್ಠಮಧು ಜಾಸ್ತಿ ಆದ್ರ ಬಿಪಿ ಏರ್ತೈತಿ. ಇದರ ಲೇಬಲ್ಲೂ ಓದೇ ತಗೊಳ್ಳಿ.

ಕಹಿ ಕಿತ್ತಳಿ ಜಾಮ್, ಅಂದ್ರ ಮಾರ್ಮಲೇಡು, ಇಷ್ಟಪಡೋರು ಕಡಿಮಿ, ಮ್ಯಾಲೆ ಗಾಜಿನ ಬಾಟ್ಲಿ. ತರೂದಾದ್ರ ಒಂದ ಸಾಕು, ಅರಿವ್ಯಾಗ ಸುತ್ತಿ ಚೆಕ್-ಇನ್ ಬ್ಯಾಗಿನಾಗ ಇಡ್ಬೇಕು, ಕೈ ಬ್ಯಾಗಿನಾಗ ಇಟ್ರ ಜಾಮ್ ಸೈತ ಲಿಕ್ವಿಡ್ ಅಂತ ಹಿಡೀಬಹುದು. ಚೀಸ್ ಈ ಬಿಸಲಾಗ ಬ್ಯಾಡ್ರಿ. ಸಕ್ಕರಿ ಕಾಯಿಲೆ ಇದ್ದವ್ರು ಮನ್ಯಾಗ ಇದ್ರ ಓಟ್‌ಕೇಕ್ ಅನ್ನೋ ಸಿಹಿ ಇಲ್ಲದ ಓಟ್ಸ್ ಬಿಸ್ಕೀಟು ಸಿಗ್ತಾವು, ಶೇಂಗಾ ಚಟ್ನಿ ಹಚ್ಚಿ ತಿಂದ್ರೂ ರುಚಿನ.

ಇನ್ನ ಕುಂದಾ. ಕಳಸಬ್ಯಾಡ್ರಿ. ನಮ್ಮ ದೇಶದಿಂದ ಹೋಗೋ ಪ್ರಯಾಣಿಕರು ಬ್ರಿಟನ್ನಿಗೆ ಹಾಲಿನ ಪದಾರ್ಥ ಒಯ್ಯಂಗಿಲ್ಲ, ಕುಂದಾ ಅಂದ್ರ ಹಾಲು ಬತ್ತಿಸಿ ಮಾಡಿದ್ದು, ಕಸ್ಟಮ್ಸ್‌ದವ್ರು ಕಂಡ್ರ ತಗದ ಇಟ್ಕೋತಾರ. ಅದರ ಬದ್ಲಿ ಸಜ್ಜಿ ಕಟಕ್ ರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ ಪುಡಿ ಕಟ್ಟಿ ಕೊಡ್ರಿ. ಶೇಂಗಾ ಆಗದವ್ರು ಅಲ್ಲಿ ಇರ್ತಾರ, ಗೆಳತ್ಯಾರಿಗೆ ಮೊದ್ಲ ಕೇಳಿ ಆಮ್ಯಾಲೆ ಪಾಕೀಟು ಬಿಚ್ಚು ಅಂತ ಮಗಳಿಗೆ ಹೇಳಿಡ್ರಿ.